ಹಡಗು ಹತ್ತಿದ ಮೇಲಿನ ಮೊದಲ ಗಂಟೆಗಳು: ಮುಂಬಯಿಯಿಂದ ಕ್ರೂಸ್ ಹೊರಡುವವರಿಗೆ ಮಾರ್ಗದರ್ಶಿ

ಬಲ್ಲಾರ್ಡ್ ಪಿಯರ್‌ನಲ್ಲಿ ಭದ್ರತಾ ತಪಾಸಣೆ ಮುಗಿಸಿ ಹಡಗಿನೊಳಗೆ ಕಾಲಿಟ್ಟವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಊಟ ಯಾವ ಡೆಕ್‌ನಲ್ಲಿದೆ, ಅಂದರೆ ಹಡಗಿನ ಯಾವ ಅಂತಸ್ತಿನಲ್ಲಿದೆ ಎಂದು. ಡೊಂಬಿವಲಿಯಿಂದಲೋ ಮುಲುಂಡಿನಿಂದಲೋ ಬೆಳಿಗ್ಗೆಯೇ ಹೊರಟು, ಲೋಕಲ್ ರೈಲಿನಲ್ಲಿ ಸಿಎಸ್‌ಎಂಟಿ ನಿಲ್ದಾಣಕ್ಕೆ ಬಂದು, ಅಲ್ಲಿಂದ ಟ್ಯಾಕ್ಸಿ ಹಿಡಿದು, ಸಾಲಿನ ಮೇಲೆ ಸಾಲು ನಿಂತು ದಣಿದವರಿಗೆ ಹಸಿವಾಗುವುದು ಸಹಜ. ಆದರೆ ಹಡಗು ಹತ್ತಿದ ಹೊತ್ತಿನಿಂದ ಅದು ಧಕ್ಕೆ (ಹಡಗುಕಟ್ಟೆ) ಬಿಡುವವರೆಗಿನ ಎರಡು ಮೂರು ಗಂಟೆಗಳಲ್ಲಿ ಸಿಗುವ ಅನುಕೂಲ ಮುಂದೆ ಸಿಗುವುದಿಲ್ಲ. ಹಡಗು ಅಲುಗದೆ ನಿಂತಿರುತ್ತದೆ, ಮೊಬೈಲಿಗೆ ಊರಿನ ನೆಟ್‌ವರ್ಕ್ ಇರುತ್ತದೆ, ದಾರಿ ತೋರಿಸಲು ಸಿಬ್ಬಂದಿ ಮೂಲೆ ಮೂಲೆಯಲ್ಲಿ ನಿಂತಿರುತ್ತಾರೆ. ಈ ಹೊತ್ತಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಬಂದರೆ ಉಳಿದ ದಿನಗಳು ನಿಶ್ಚಿಂತೆಯಿಂದ ಕಳೆಯುತ್ತವೆ.

ಮುಂಬಯಿಯ ಕನ್ನಡಿಗರಿಗೆ ಕಡಲ ದಾರಿ ಹೊಸದೇನೂ ಅಲ್ಲ. ಘಟ್ಟದ ಕೆಳಗಿನ ಊರುಗಳಿಂದ ಆಗಬೋಟು (ಉಗಿಹಡಗು) ಹತ್ತಿ ಈ ಬಂದರಿನಲ್ಲಿ ಇಳಿದು, ಫೋರ್ಟಿನ ಹೋಟೆಲುಗಳಲ್ಲಿ ದುಡಿದು ನೆಲೆನಿಂತವರ ಮನೆಗಳು ಇಂದಿಗೂ ಇಲ್ಲಿವೆ. ಅವರ ಮೊಮ್ಮಕ್ಕಳು ಈಗ ಅಪ್ಪ ಅಮ್ಮಂದಿರನ್ನೂ ಅತ್ತೆ ಮಾವಂದಿರನ್ನೂ ಕರೆದುಕೊಂಡು ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆ ವಿಹಾರಕ್ಕೆ ಹೊರಡುತ್ತಾರೆ. ಹೊಸ ಕ್ರೂಸ್ ಟರ್ಮಿನಲ್ 2025ರಲ್ಲಿ ಬಳಕೆಗೆ ಬಂದ ಮೇಲೆ ಹತ್ತುವ ಮೊದಲಿನ ಪಾಡು ಎಷ್ಟೋ ಹಗುರವಾಗಿದೆ. ಹತ್ತಿದ ಮೇಲಿನ ಕೆಲಸಗಳನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು, ವಿಶೇಷವಾಗಿ ಹಿರಿಯರೂ ಮಕ್ಕಳೂ ಒಟ್ಟಿಗಿರುವ ಕುಟುಂಬಗಳು.

ಕೈಚೀಲದಲ್ಲಿ ಏನಿರಬೇಕು

ಟರ್ಮಿನಲ್‌ನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆಗಳು ನಿಮ್ಮ ಜೊತೆಗೇ ಕ್ಯಾಬಿನ್ ಸೇರುವುದಿಲ್ಲ. ಸಾವಿರಾರು ಜನರ ಸಾಮಾನನ್ನು ಸ್ಕ್ಯಾನ್ ಮಾಡಿ, ಚೀಟಿ ನೋಡಿ, ಡೆಕ್‌ಗಳಿಗೆ ಹಂಚುವಷ್ಟರಲ್ಲಿ ಹಲವು ಗಂಟೆಗಳಾಗುತ್ತವೆ. ಕೆಲವರ ಪೆಟ್ಟಿಗೆ ಕ್ಯಾಬಿನ್ ಬಾಗಿಲಿಗೆ ಬರುವುದು ಹಡಗು ಹೊರಟ ಮೇಲೆಯೇ. ಆದ್ದರಿಂದ ಆ ದಿನ ಸಂಜೆಯವರೆಗೆ ಬೇಕಾದದ್ದೆಲ್ಲ ಕೈಚೀಲದಲ್ಲಿರಲಿ: ಬಿಪಿ, ಸಕ್ಕರೆ ಕಾಯಿಲೆಯ ಔಷಧಿಗಳು ಪೂರ್ತಿ ಪ್ರವಾಸಕ್ಕೆ ಸಾಕಾಗುವಷ್ಟು, ಗುರುತಿನ ಚೀಟಿಗಳ ಮೂಲಪ್ರತಿ, ಕನ್ನಡಕ, ಚಾರ್ಜರ್, ಪವರ್ ಬ್ಯಾಂಕ್, ಮಕ್ಕಳ ಈಜುಡುಗೆ, ಒಂದು ಜೊತೆ ಬಟ್ಟೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಯಾವ ಕಾರಣಕ್ಕೂ ಪೆಟ್ಟಿಗೆಯಲ್ಲಿ ಹಾಕಬಾರದು. ಕ್ಯಾಬಿನ್‌ನಲ್ಲಿ ಫ್ರಿಜ್ ಇಲ್ಲದಿದ್ದರೆ ಅಥವಾ ಅದು ಸಾಕಷ್ಟು ತಂಪಾಗದಿದ್ದರೆ ಹಡಗಿನ ವೈದ್ಯಕೀಯ ಕೇಂದ್ರದಲ್ಲಿ ಇರಿಸಿಕೊಡುವಂತೆ ಕೇಳಬಹುದು.

ನಮ್ಮ ಮನೆಗಳ ಹಿರಿಯರಿಗೆ ಮೊದಲೇ ತಿಳಿಸಬೇಕಾದ ಒಂದು ಮಾತಿದೆ. ಊದುಬತ್ತಿ, ಕರ್ಪೂರ, ಎಣ್ಣೆ ದೀಪ, ಬೆಂಕಿಪೊಟ್ಟಣ ಇವಾವುದಕ್ಕೂ ಹಡಗಿನ ಕ್ಯಾಬಿನ್‌ನಲ್ಲಿ ಅವಕಾಶವಿಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಕಾಯಿಲ್, ಇಂಡಕ್ಷನ್ ಒಲೆಗಳಿಗೂ ಅದೇ ನಿಯಮ. ಇಂಥ ವಸ್ತು ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಪೆಟ್ಟಿಗೆಯೂ ತಡವಾಗಿ ಕೈಸೇರುತ್ತದೆ. ನೆಲದ ಮೇಲೆ ಬೆಂಕಿ ಬಿದ್ದರೆ ಹೊರಗೆ ಓಡಬಹುದು. ಕಡಲಿನಲ್ಲಿ ಓಡುವುದಕ್ಕೆ ಹೊರಗೆ ಎಂಬ ಜಾಗವಿಲ್ಲ. ದಿನದ ದೇವರ ನಮಸ್ಕಾರವನ್ನು ದೀಪವಿಲ್ಲದೆ ಮಾಡಬೇಕಾಗುತ್ತದೆ ಎಂದು ಅಜ್ಜಿಗೆ ಮನೆಯಲ್ಲೇ ಸಮಾಧಾನವಾಗಿ ಹೇಳಿದ್ದರೆ ಅವರಿಗೆ ಹಡಗಿನಲ್ಲಿ ಬೇಸರವಾಗುವುದು ತಪ್ಪುತ್ತದೆ.

ಮೊದಲ ಕೆಲಸ: ಮಸ್ಟರ್ ಸ್ಟೇಷನ್

ಹತ್ತುವಾಗ ಕೊಡುವ ಕಾರ್ಡಿನ ಮೇಲೆ ಹೆಸರು ಮತ್ತು ಕ್ಯಾಬಿನ್ ವಿವರದ ಜೊತೆಗೆ ಒಂದು ಅಕ್ಷರವೋ ಸಂಖ್ಯೆಯೋ ಇರುತ್ತದೆ. ಅದು ತುರ್ತು ಸಂದರ್ಭದಲ್ಲಿ ನೀವು ಸೇರಬೇಕಾದ ಜಾಗ, ಅಂದರೆ ಮಸ್ಟರ್ ಸ್ಟೇಷನ್. ಕಾರ್ಡಿನ ಮೇಲೆ ಕಾಣದಿದ್ದರೆ ಕ್ಯಾಬಿನ್ ಬಾಗಿಲಿನ ಹಿಂಬದಿಯ ನಕ್ಷೆಯಲ್ಲಿ ಇರುತ್ತದೆ. ಊಟಕ್ಕೂ ಮೊದಲು, ಈಜುಕೊಳಕ್ಕೂ ಮೊದಲು, ಫೋಟೋಗೂ ಮೊದಲು ಮನೆಯವರೆಲ್ಲ ಒಟ್ಟಾಗಿ ಆ ಜಾಗಕ್ಕೆ ನಡೆದುಹೋಗಿ ನೋಡಿ ಬರಬೇಕು ಎಂಬುದೇ ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಎಲ್ಲರನ್ನೂ ಆ ಜಾಗಕ್ಕೆ ಸೇರಿಸಿ ಮಾಡಿಸುವ ತುರ್ತು ಅಭ್ಯಾಸ, ಅಂದರೆ ಡ್ರಿಲ್, ಹೇಗೂ ಇರುತ್ತದಲ್ಲ, ಈಗಲೇ ಏಕೆ ಎಂದು ಕೇಳುವವರಿದ್ದಾರೆ. ಡ್ರಿಲ್ ವೇಳೆಗೆ ಮೆಟ್ಟಿಲುಗಳಲ್ಲಿ ನೂಕುನುಗ್ಗಲು ಇರುತ್ತದೆ; ಎಲ್ಲರೂ ಮುಂದಿನವರ ಬೆನ್ನು ನೋಡಿಕೊಂಡು ಸಾಗುತ್ತಾರೆಯೇ ಹೊರತು ದಾರಿ ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ಜನವಿಲ್ಲದ ಹೊತ್ತಿನಲ್ಲಿ, ನಿಮ್ಮದೇ ನಡಿಗೆಯಲ್ಲಿ, ಕ್ಯಾಬಿನ್ ಬಾಗಿಲಿನಿಂದ ಆ ಜಾಗದವರೆಗೆ ಹೋದರೆ ಮಾತ್ರ ದಾರಿ ಕಾಲಿಗೆ ರೂಢಿಯಾಗುತ್ತದೆ.

ಈ ಡ್ರಿಲ್‌ನ ನಿಯಮದ ಹಿಂದೆ ನಿಜವಾದ ಸಾವುಗಳಿವೆ. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾನ್ಕಾರ್ಡಿಯಾ ಎಂಬ ಹಡಗು ಇಟಲಿಯ ಜಿಲ್ಯೊ ದ್ವೀಪದ ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಅಂದು ಚಿವಿತವೆಕಿಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಆ ಹೊತ್ತಿಗೆ ಡ್ರಿಲ್ ಆಗಿರಲೇ ಇಲ್ಲ, ಏಕೆಂದರೆ ಹತ್ತಿದ 24 ಗಂಟೆಯೊಳಗೆ ನಡೆಸಿದರೆ ಸಾಕು ಎಂಬ ನಿಯಮ ಆಗ ಇತ್ತು. ಆ ದುರಂತದ ನಂತರ ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ಗೆ ತಿದ್ದುಪಡಿಯಾಗಿ, ಹೊಸದಾಗಿ ಹತ್ತಿದ ಪ್ರಯಾಣಿಕರಿಗೆ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ನಡೆಯಬೇಕು ಎಂಬ ನಿಯಮ 2015ರ ಜನವರಿ 1ರಿಂದ ಜಾರಿಗೆ ಬಂತು. ದೂರದ ಇಟಲಿಯ ಮಾತು ಹಾಗಿರಲಿ, ಮುಂಬಯಿ ಬಂದರಿನ ಬಾಯಲ್ಲೇ 1947ರ ಜುಲೈ 17ರಂದು, ಭಾವುಚಾ ಧಕ್ಕೆಯಿಂದ ರೇವಸ್‌ಗೆ ಹೊರಟಿದ್ದ ರಾಮದಾಸ್ ಆಗಬೋಟು ಮಳೆಗಾಲದ ಅಲೆಗೆ ವಾಲಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಜಲಸಮಾಧಿಯಾದರು. ಇಂದಿನ ಕ್ರೂಸ್ ಹಡಗಿಗೂ ಆ ಆಗಬೋಟಿಗೂ ಹೋಲಿಕೆಯೇ ಇಲ್ಲ, ಹೆದರುವ ಕಾರಣವೂ ಇಲ್ಲ. ಆದರೆ ಲೈಫ್ ಜಾಕೆಟ್ ಎಲ್ಲಿದೆ, ಯಾವ ಕಡೆ ಹೋಗಬೇಕು ಎಂಬುದು ಹತ್ತಿದ ಪ್ರತಿಯೊಬ್ಬರಿಗೂ ಗೊತ್ತಿರಬೇಕು ಎಂಬ ಪಾಠವನ್ನು ಎರಡೂ ದುರಂತಗಳು ಬಹಳ ದುಬಾರಿಯಾಗಿ ಕಲಿಸಿವೆ.

ನಡೆದು ನೋಡುವಾಗ ಲಿಫ್ಟ್ ಬಳಸಬೇಡಿ. ತುರ್ತು ಸಂದರ್ಭದಲ್ಲಿ ಲಿಫ್ಟ್ ನಿಲ್ಲುತ್ತದೆ, ಆದ್ದರಿಂದ ಮೆಟ್ಟಿಲಿನ ದಾರಿಯೇ ನಿಜವಾದ ದಾರಿ. ಕ್ಯಾಬಿನ್‌ನಿಂದ ಹೊರಬಿದ್ದರೆ ಮೊದಲ ಮೆಟ್ಟಿಲು ಎಡಕ್ಕೋ ಬಲಕ್ಕೋ, ಆ ಮೆಟ್ಟಿಲಿನವರೆಗೆ ಎಷ್ಟು ಬಾಗಿಲುಗಳಿವೆ, ಅಲ್ಲಿಂದ ಹತ್ತಬೇಕೋ ಇಳಿಯಬೇಕೋ ಎಂಬ ಮೂರು ಸಂಗತಿಗಳನ್ನು ಮಕ್ಕಳಿಂದ ಜೋರಾಗಿ ಹೇಳಿಸಿ. ಬಾಗಿಲುಗಳನ್ನು ಎಣಿಸುವುದಕ್ಕೆ ಕಾರಣವಿದೆ: ಹೊಗೆ ತುಂಬಿದಾಗ ಕಣ್ಣು ಕಾಣದಿದ್ದರೂ ಗೋಡೆ ಸವರಿಕೊಂಡು ಎಣಿಕೆಯ ಮೇಲೆ ಮೆಟ್ಟಿಲು ಮುಟ್ಟಬಹುದು. ಹತ್ತಿರದ ಮೆಟ್ಟಿಲು ಮುಚ್ಚಿಹೋದರೆ ಎಂದು ಎರಡನೆಯ ದಾರಿಯನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಜೊತೆಗಿದ್ದರೆ ಈ ವೇಳೆಯಲ್ಲೇ ರಿಸೆಪ್ಷನ್‌ಗೆ ಹೋಗಿ ಕ್ಯಾಬಿನ್ ಸಂಖ್ಯೆ ಬರೆಸಿಡಬೇಕು. ಅಂಥವರನ್ನು ಕರೆದೊಯ್ಯಲು ಸಿಬ್ಬಂದಿಯಲ್ಲಿ ಪ್ರತ್ಯೇಕ ಜನರನ್ನು ನೇಮಿಸಿರುತ್ತಾರೆ, ಆದರೆ ಯಾರು ಯಾವ ಕ್ಯಾಬಿನ್‌ನಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿರಬೇಕಷ್ಟೆ.

ಲೈಫ್ ಜಾಕೆಟ್‌ಗಳು ಕೆಲವು ಹಡಗುಗಳಲ್ಲಿ ಕ್ಯಾಬಿನ್‌ನ ಕಪಾಟಿನಲ್ಲಿ ಅಥವಾ ಮಂಚದ ಕೆಳಗೆ ಇರುತ್ತವೆ, ಕೆಲವದರಲ್ಲಿ ಮಸ್ಟರ್ ಸ್ಟೇಷನ್‌ನಲ್ಲೇ ಇರುತ್ತವೆ. ಕ್ಯಾಬಿನ್‌ನಲ್ಲಿದ್ದರೆ ಒಂದೊಂದನ್ನೂ ಹೊರತೆಗೆದು ನೋಡಿ. ಅದರ ಮೇಲೆ ಒಂದು ಸೀಟಿ, ಕತ್ತಲಲ್ಲಿ ಕಾಣಲು ಒಂದು ಪುಟ್ಟ ದೀಪ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳು ಇರುತ್ತವೆ. ತಲೆಯ ಮೇಲಿಂದ ತೊಟ್ಟು, ಪಟ್ಟಿಯನ್ನು ಬೆನ್ನಿನಿಂದ ಸುತ್ತಿ ತಂದು, ಮುಂದೆ ಕ್ಲಿಪ್ ಹಾಕಿ, ಬಿಗಿಯಾಗುವವರೆಗೆ ಎಳೆಯಬೇಕು. ಸಡಿಲ ಬಿಟ್ಟರೆ ನೀರಿನಲ್ಲಿ ಜಾಕೆಟ್ ಮೇಲಕ್ಕೆ ಜಾರಿ ಮುಖಕ್ಕೆ ಅಡ್ಡ ಬರುತ್ತದೆ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮೇಲೆ ಜಾಕೆಟ್ ಕಟ್ಟಿಕೊಳ್ಳಬೇಕು. ಸೆರಗು ಹೊರಗೆ ಇಳಿಬಿದ್ದರೆ ಮೆಟ್ಟಿಲಿಳಿಯುವಾಗ ಹಿಂದಿನವರ ಕಾಲಿಗೆ ಸಿಕ್ಕುತ್ತದೆ. ಜಾಕೆಟ್‌ಗಳ ಅಳತೆ ವಯಸ್ಸಿನಿಂದಲ್ಲ, ತೂಕದಿಂದ ನಿರ್ಧಾರವಾಗುತ್ತದೆ: 15 ಕಿಲೋಗಿಂತ ಕಡಿಮೆ ಇರುವ ಶಿಶುಗಳಿಗೆ ಒಂದು, 15ರಿಂದ 43 ಕಿಲೋ ಒಳಗಿನ ಮಕ್ಕಳಿಗೆ ಒಂದು, ಅದಕ್ಕಿಂತ ಮೇಲೆ ದೊಡ್ಡವರದು. ಕಪಾಟಿನಲ್ಲಿ ದೊಡ್ಡವರ ಜಾಕೆಟ್ ಮಾತ್ರ ಕಂಡರೆ ನಾಳೆ ಕೇಳೋಣ ಎನ್ನದೆ ಆ ಕ್ಷಣವೇ ಕ್ಯಾಬಿನ್ ಸಿಬ್ಬಂದಿಗೆ ಹೇಳಿ ಮಕ್ಕಳದನ್ನು ತರಿಸಿಕೊಳ್ಳಬೇಕು.

ಎಚ್ಚರಿಕೆಯ ಕೂಗನ್ನೂ ಮನದಟ್ಟು ಮಾಡಿಕೊಳ್ಳಿ. ಹಡಗಿನ ಸೈರನ್ ಏಳು ಅಥವಾ ಹೆಚ್ಚು ಬಾರಿ ಚಿಕ್ಕದಾಗಿ ಕೂಗಿ, ಆಮೇಲೆ ಒಮ್ಮೆ ಉದ್ದವಾಗಿ ಕೂಗಿದರೆ ಅದು ಎಲ್ಲರೂ ಮಸ್ಟರ್ ಸ್ಟೇಷನ್‌ಗೆ ಬರಬೇಕೆಂಬ ಸೂಚನೆ. ಆ ಕೂಗು ಕೇಳಿದಾಗ ಕುಟುಂಬದವರು ಬೇರೆ ಬೇರೆ ಕಡೆ ಇದ್ದರೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಡೆಕ್‌ನಿಂದ ಡೆಕ್‌ಗೆ ಓಡಬಾರದು, ನೇರವಾಗಿ ಅಲ್ಲಿಗೇ ಬರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಮಕ್ಕಳ ಕೊಠಡಿಯಲ್ಲಿ ಬಿಟ್ಟ ಮಗುವನ್ನು ಅಲ್ಲಿಯ ಸಿಬ್ಬಂದಿಯೇ ಕರೆತರುತ್ತಾರೆಯೇ, ಎಲ್ಲಿಗೆ ತರುತ್ತಾರೆ ಎಂಬುದನ್ನು ಹೆಸರು ನೋಂದಾಯಿಸುವಾಗ ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಬೇಕು. ತಾಯಂದಿರ ಪಾಲಿಗೆ ಇಡೀ ಹಡಗಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಕ್ಯಾಬಿನ್ ಒಳಗೆ

ಕ್ಯಾಬಿನ್‌ಗಳು ಮಧ್ಯಾಹ್ನದ ನಂತರವೇ ಸಿದ್ಧವಾಗುವುದು ರೂಢಿ. ಸಿದ್ಧವಾಗಿದೆ ಎಂದು ಪ್ರಕಟಿಸಿದ ಕೂಡಲೇ ಹೋಗಿ ಬೀಗ, ನೀರು, ಎಸಿ, ದೀಪ, ಫೋನ್, ಲಾಕರ್ ಎಲ್ಲವನ್ನೂ ಒಮ್ಮೆ ಪರೀಕ್ಷಿಸಿ. ಹಡಗು ತುಂಬಿ ಹೊರಟ ಮೇಲೆ ಬೇರೆ ಕ್ಯಾಬಿನ್ ಸಿಗುವುದು ಕಷ್ಟ. ದೂರು ಏನೇ ಇದ್ದರೂ ಮೊದಲ ಗಂಟೆಯಲ್ಲೇ ಹೇಳಿದವರಿಗೆ ಪರಿಹಾರ ಬೇಗ ಸಿಗುತ್ತದೆ.

ಮುಂಬಯಿಯಿಂದ 2021ರಿಂದ ಹೊರಡುತ್ತಿರುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಆ ಕಾಲದ ಹಡಗುಗಳಲ್ಲಿ ಕ್ಯಾಬಿನ್‌ಗಳು ಇಂದಿನವುಗಳಷ್ಟು ವಿಶಾಲವಾಗಿರುವುದಿಲ್ಲ. ಪೆಟ್ಟಿಗೆ ಬಂದ ಮೇಲೆ ಬಟ್ಟೆಗಳನ್ನು ಕಪಾಟಿಗೆ ಜೋಡಿಸಿ, ಖಾಲಿ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದರೆ ನಾಲ್ವರು ಓಡಾಡುವಷ್ಟು ಜಾಗವಾಗುತ್ತದೆ. ಸ್ನಾನದ ಮನೆಯ ಹೊಸ್ತಿಲು ಎತ್ತರವಾಗಿರುತ್ತದೆ, ಹೊರ ಡೆಕ್‌ಗೆ ಹೋಗುವ ಬಾಗಿಲುಗಳ ಕೆಳಗಿನ ಪಟ್ಟಿ ಅದಕ್ಕಿಂತ ಎತ್ತರ. ನೀರು ಒಳಗೆ ನುಗ್ಗದಂತೆ ತಡೆಯುವುದಕ್ಕಾಗಿ ಹಾಗೆ ಮಾಡಿರುತ್ತಾರೆ. ರಾತ್ರಿ ಎದ್ದು ಹೋಗುವ ಹಿರಿಯರು ಎಡವುವುದು ಇಲ್ಲೇ. ಹಗಲಿನಲ್ಲೇ ಅವರ ಕೈಹಿಡಿದು ಎರಡು ಮೂರು ಸಲ ದಾಟಿಸಿ ಅಭ್ಯಾಸ ಮಾಡಿಸಿ, ರಾತ್ರಿ ಸ್ನಾನದ ಮನೆಯ ದೀಪವನ್ನು ಉರಿಯಲು ಬಿಟ್ಟು ಬಾಗಿಲನ್ನು ಓರೆ ಮಾಡಿಡಿ. ಶೌಚಾಲಯದ ನೀರು ಗಾಳಿಯ ಒತ್ತಡದಿಂದ ಜೋರು ಸದ್ದಿನೊಡನೆ ಹೀರಿಕೊಂಡು ಹೋಗುತ್ತದೆ, ಮಕ್ಕಳು ಬೆಚ್ಚುತ್ತಾರೆ. ಅದರೊಳಗೆ ಡೈಪರ್, ಪ್ಯಾಡ್, ಒದ್ದೆ ಟಿಶ್ಯೂಗಳನ್ನು ಹಾಕಿದರೆ ನಿಮ್ಮದಷ್ಟೇ ಅಲ್ಲ, ಅಕ್ಕಪಕ್ಕದ ಕ್ಯಾಬಿನ್‌ಗಳ ಕೊಳವೆಯೂ ಕಟ್ಟಿಕೊಳ್ಳುತ್ತದೆ. ವಿದೇಶದಲ್ಲಿ ಕಟ್ಟಿದ ಕೆಲವು ಹಡಗುಗಳಲ್ಲಿ ಜೆಟ್ ಸ್ಪ್ರೇ ಇರುವುದಿಲ್ಲವಾದ್ದರಿಂದ ಒಂದು ಚಿಕ್ಕ ಮಗ್ ಜೊತೆಗಿದ್ದರೆ ಒಳ್ಳೆಯದು. ನಮ್ಮ ಮೂರು ಪಿನ್ನಿನ ಪ್ಲಗ್ ಹಿಡಿಯದ ಸಾಕೆಟ್‌ಗಳೂ ಇರುತ್ತವೆ, ಯೂನಿವರ್ಸಲ್ ಅಡಾಪ್ಟರ್ ಇಟ್ಟುಕೊಳ್ಳಿ.

ಬಾಲ್ಕನಿ ಇರುವ ಕ್ಯಾಬಿನ್ ಸಿಕ್ಕಿದ್ದರೆ ಮಕ್ಕಳಿಗೆ ಕಟ್ಟುನಿಟ್ಟಿನ ಮಾತು ಹೇಳಲೇಬೇಕು. ಕುರ್ಚಿಯನ್ನು ಕಟಕಟೆಯ ಬಳಿ ಎಳೆಯಬಾರದು, ದೊಡ್ಡವರಿಲ್ಲದೆ ಬಾಗಿಲು ತೆರೆಯಬಾರದು. ಬಾಲ್ಕನಿ ಬಾಗಿಲನ್ನೂ ಕ್ಯಾಬಿನ್ ಬಾಗಿಲನ್ನೂ ಒಟ್ಟಿಗೆ ತೆರೆದರೆ ಗಾಳಿಯ ಸೆಳೆತಕ್ಕೆ ಬಾಗಿಲು ರಪ್ಪನೆ ಬಡಿದು ಬೆರಳು ಜಜ್ಜಿಹೋಗುವ ಅಪಾಯವಿದೆ. ಧೂಮಪಾನಕ್ಕೆ ಹಡಗಿನಲ್ಲಿ ಗೊತ್ತುಪಡಿಸಿದ ಜಾಗವಿರುತ್ತದೆ. ಉರಿಯುವ ತುಂಡನ್ನು ಕಡಲಿಗೆಂದು ಎಸೆದರೂ ಗಾಳಿ ಅದನ್ನು ಹೊತ್ತುಕೊಂಡು ಕೆಳಗಿನ ಬಾಲ್ಕನಿಗೆ ಹಾಕುತ್ತದೆ. 2006ರ ಮಾರ್ಚ್‌ನಲ್ಲಿ ಕೆರಿಬಿಯನ್ ಕಡಲಿನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಗಳಿಗೆ ಬೆಂಕಿ ಹತ್ತಿ ಹರಡಿದ್ದಕ್ಕೆ ಆರದ ಸಿಗರೇಟಿನ ತುಂಡೇ ಕಾರಣವಾಗಿರಬೇಕು ಎಂದು ತನಿಖೆ ಹೇಳಿತು.

ಕಾರ್ಡು ಮತ್ತು ಹಣ

ಹಡಗಿನೊಳಗೆ ನೋಟು ನಡೆಯುವುದಿಲ್ಲ. ಕ್ಯಾಬಿನ್ ಬೀಗದ ಕಾರ್ಡೇ ಹಣದ ಚೀಲ; ಅದಕ್ಕೆ ಕ್ರೆಡಿಟ್ ಕಾರ್ಡ್ ಜೋಡಿಸಬೇಕು ಅಥವಾ ರಿಸೆಪ್ಷನ್‌ನಲ್ಲಿ ಮುಂಗಡ ಕಟ್ಟಬೇಕು. ಮಕ್ಕಳ ಕಾರ್ಡಿನಿಂದ ಖರ್ಚು ಆಗದಂತೆ ನಿಲ್ಲಿಸಲು ಅಥವಾ ಮಿತಿ ಹಾಕಲು ಇದೇ ಸಮಯ. ಟಿಕೆಟ್ ದರದಲ್ಲಿ ಯಾವುದು ಸೇರಿದೆ, ಯಾವುದಕ್ಕೆ ಬೇರೆ ಹಣ ಎಂಬ ಪಟ್ಟಿಯನ್ನು ಕೇಳಿ ಪಡೆಯಿರಿ. ಸಂಜೆಯ ಪ್ರದರ್ಶನಗಳಿಗೂ ಊಟದ ಸರದಿಗೂ ಸೀಟು ಕಾದಿರಿಸುವ ಪದ್ಧತಿ ಇದ್ದರೆ ಅದನ್ನೂ ಅಲ್ಲೇ ಮುಗಿಸಿಕೊಳ್ಳಬಹುದು. ದಿನಕ್ಕೊಮ್ಮೆ ಲೆಕ್ಕವನ್ನು ನೋಡುತ್ತಿದ್ದರೆ ಇಳಿಯುವ ದಿನ ಬೆಳಿಗ್ಗೆ ಉದ್ದದ ಸಾಲಿನಲ್ಲಿ ನಿಂತು ವಾದಿಸುವ ಪ್ರಸಂಗ ಬರುವುದಿಲ್ಲ.

ಈಗ ಊಟ

ಮೊದಲ ಮಧ್ಯಾಹ್ನ ಬುಫೆ ಡೆಕ್‌ನಲ್ಲಿ ವಿಪರೀತ ಜನ ಇರುತ್ತಾರೆ. ಅದೇ ಹೊತ್ತಿನಲ್ಲಿ ಕೆಳಗಿನ ಡೆಕ್‌ನ ಊಟದ ಸಭಾಂಗಣ ತೆರೆದಿದ್ದರೆ ಅಲ್ಲಿ ಸಮಾಧಾನವಾಗಿ ಕುಳಿತು ಉಣ್ಣಬಹುದು, ಆದ್ದರಿಂದ ಮೊದಲು ಅದನ್ನು ವಿಚಾರಿಸಿ. ಶುದ್ಧ ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಏಕಾದಶಿಯ ಉಪವಾಸದವರು ತಮ್ಮ ಅಗತ್ಯವನ್ನು ಊಟದ ಮೇಲ್ವಿಚಾರಕರಿಗೆ ಮೊದಲ ಹೊತ್ತಿನಲ್ಲೇ ತಿಳಿಸಿದರೆ ಅಡುಗೆಮನೆಯವರಿಗೂ ಅನುಕೂಲ. ಇಲ್ಲಿಂದ ಹೊರಡುವ ಹಡಗುಗಳಲ್ಲಿ ಜೈನ ಊಟ ಸಾಮಾನ್ಯವಾಗಿ ಸಿಗುತ್ತದೆ. ಕುಚ್ಚಲಕ್ಕಿ ಗಂಜಿ ಬೇಕೆನ್ನುವ ನಮ್ಮ ಕರಾವಳಿಯ ಹಿರಿಯರು ಮಾತ್ರ ಮೊಸರನ್ನಕ್ಕೆ ಒಗ್ಗಿಕೊಳ್ಳಬೇಕಾಗಬಹುದು.

ಊಟಕ್ಕೆ ಮುಂಚೆ ಕೈಯನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಬಾಗಿಲಲ್ಲಿ ಕೈಗೆ ಸಿಂಪಡಿಸುವ ಸ್ಯಾನಿಟೈಸರ್ ಒಂದೇ ಸಾಲದು, ಏಕೆಂದರೆ ಹಡಗುಗಳಲ್ಲಿ ವಾಂತಿ ಭೇದಿಯನ್ನು ಹರಡುವ ನೊರೊವೈರಸ್ ಅದಕ್ಕೆ ಸುಲಭವಾಗಿ ಸಾಯುವುದಿಲ್ಲ. ನೂರಾರು ಜನ ಮುಟ್ಟಿದ ಸೌಟನ್ನೇ ನಾವೂ ಮುಟ್ಟುತ್ತೇವೆ ಎಂಬುದನ್ನು ನೆನಪಿನಲ್ಲಿಟ್ಟು, ಬಡಿಸಿಕೊಂಡ ಮೇಲೆ ಕೈಯಲ್ಲಿ ಊಟ ಮಾಡುವವರು ಇನ್ನೊಮ್ಮೆ ತೊಳೆದರೆ ಇನ್ನೂ ಉತ್ತಮ.

ಹೊಟ್ಟೆ ತೊಳಸುವ ಭಯ ಇರುವವರಿಗೆ

ಕ್ರೂಸ್‌ಗಳು ಮಳೆಗಾಲ ಕಳೆದ ಮೇಲೆ, ಕಡಲು ಶಾಂತವಾಗಿರುವ ತಿಂಗಳುಗಳಲ್ಲೇ ಹೆಚ್ಚಾಗಿ ಓಡುತ್ತವೆ. ಆದರೂ ಬಂದರಿನ ಆಸರೆ ದಾಟಿ ತೆರೆದ ಕಡಲಿಗೆ ಬಂದ ಕೂಡಲೇ ಕೆಲವರಿಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ಮುಂಚೆಯೇ ಎಚ್ಚರ ವಹಿಸಬೇಕು. ಅವೊಮಿನ್‌ನಂಥ ಮಾತ್ರೆಗಳು ವಾಂತಿ ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಉಪಯೋಗವಾಗುವುದಿಲ್ಲ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಅವು ಮಂಪರು ತರುತ್ತವೆ. ಗ್ಲಾಕೋಮಾ ಇರುವವರು, ಪ್ರೊಸ್ಟೇಟ್ ತೊಂದರೆಯಿಂದ ಮೂತ್ರ ಸರಾಗವಾಗಿ ಹೋಗದ ಹಿರಿಯರು ತಮ್ಮ ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ ಓಲಾಟ ಕಡಿಮೆ. ತಲೆ ಸುತ್ತಿದವರನ್ನು ಕ್ಯಾಬಿನ್‌ನ ಕತ್ತಲಲ್ಲಿ ಮಲಗಿಸುವುದಕ್ಕಿಂತ ಗಾಳಿ ಆಡುವ ಡೆಕ್‌ನಲ್ಲಿ ಕೂರಿಸಿ, ಬಾನು ಕಡಲು ಕೂಡುವ ಗೆರೆಯನ್ನು ನೋಡುತ್ತಿರಲು ಹೇಳಿದರೆ ಬೇಗ ಸುಧಾರಿಸಿಕೊಳ್ಳುತ್ತಾರೆ. ಮೊಬೈಲ್ ನೋಡುವುದನ್ನು ಮಾತ್ರ ಬಿಡಿಸಬೇಕು.

ಮೊಬೈಲಿನ ಮಾತು ಬಂದಿದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ದಡ ದೂರವಾದಂತೆ ನಮ್ಮ ನೆಟ್‌ವರ್ಕ್ ಮಾಯವಾಗಿ, ಕೆಲವು ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಹಡಗಿನದೇ ನೆಟ್‌ವರ್ಕ್ ಫೋನನ್ನು ಹಿಡಿದುಕೊಳ್ಳುತ್ತದೆ. ಅದರ ದರ ನಮ್ಮ ಮಾಮೂಲಿ ಪ್ಲಾನ್‌ಗೆ ಸೇರುವುದಿಲ್ಲ. ಡೇಟಾ ತೆರೆದಿದ್ದರೆ ಜೇಬಿನಲ್ಲಿದ್ದಂತೆಯೇ ಬಿಲ್ ಏರುತ್ತದೆ. ಧಕ್ಕೆ ಬಿಡುವ ಮೊದಲು ಮನೆಗೆ ಕರೆ ಮಾಡಿ, ಹಡಗಿನ ಹೆಸರು, ಕ್ಯಾಬಿನ್ ಸಂಖ್ಯೆ, ಮರಳುವ ದಿನ ತಿಳಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಬೇಕಾದವರು ಹಡಗಿನ ವೈಫೈ ಕೊಳ್ಳಬಹುದು.

ಹಡಗಿನ ಪರಿಚಯ

ಊಟವಾದ ಮೇಲೆ ಮೇಲಿನ ಡೆಕ್‌ನಿಂದ ಕೆಳಕ್ಕೆ ಒಂದು ಸುತ್ತು ಹಾಕಿ. ಕ್ಯಾಬಿನ್‌ಗಳ ಓಣಿ ಹಳೆಯ ಗಿರ್‌ಗಾಂವ್ ಚಾಳಿನ ಉದ್ದ ಪಡಸಾಲೆಯಂತೆ ಎರಡೂ ತುದಿಯಿಂದ ಒಂದೇ ಥರ ಕಾಣುವುದರಿಂದ ಮೊದಲ ದಿನ ಎಲ್ಲರೂ ದಾರಿ ತಪ್ಪುತ್ತಾರೆ. ಮುಂದಿನ ಮೆಟ್ಟಿಲು, ಹಿಂದಿನ ಮೆಟ್ಟಿಲುಗಳ ಬಳಿ ಇರುವ ಚಿತ್ರವನ್ನೋ ನೆಲಹಾಸಿನ ಬಣ್ಣವನ್ನೋ ಗುರುತಿಟ್ಟುಕೊಳ್ಳಿ. ವೈದ್ಯಕೀಯ ಕೇಂದ್ರ ಯಾವ ಡೆಕ್‌ನಲ್ಲಿದೆ, ಅದರ ಶುಲ್ಕ ಹೇಗೆ ಎಂಬುದನ್ನು ಕೇಳಿಟ್ಟುಕೊಳ್ಳಬೇಕು. ಈಜುಕೊಳದ ಬಳಿ ರಕ್ಷಕರು ಇದ್ದಾರೆಯೇ ನೋಡಿ. ಎಷ್ಟೋ ಹಡಗುಗಳಲ್ಲಿ ಇರುವುದಿಲ್ಲ, ಅಲ್ಲಿ ಮಕ್ಕಳ ಹೊಣೆ ಪೂರ್ತಿ ನಮ್ಮದೇ. ಮನೆಯವರು ಚದುರಿಹೋದರೆ ಮತ್ತೆ ಸೇರಲು ಒಂದು ಜಾಗವನ್ನು ಗೊತ್ತುಮಾಡಿ. ರಿಸೆಪ್ಷನ್ ಎದುರಿನ ಜಾಗ ಎಲ್ಲರಿಗೂ ಸುಲಭ.

ಹಡಗು ಹೊರಡುವಾಗ ಎಲ್ಲಿ ನಿಲ್ಲಬೇಕು

ಡ್ರಿಲ್ ಮುಗಿದ ಮೇಲೆ ತೆರೆದ ಡೆಕ್‌ಗೆ ಹೋಗಿ ಬಲ ಬದಿಯಲ್ಲಿ, ಅಂದರೆ ಹಡಗು ಸಾಗುವ ದಿಕ್ಕಿಗೆ ಮುಖಮಾಡಿದರೆ ಬಲಗೈ ಕಡೆ, ನಿಂತುಕೊಳ್ಳಿ. ಹಡಗು ದಕ್ಷಿಣಕ್ಕೆ ಹೊರಳಿದ ಮೇಲೆ ಗೇಟ್‌ವೇ ಆಫ್ ಇಂಡಿಯಾ, ತಾಜ್ ಹೋಟೆಲಿನ ಗುಮ್ಮಟ, ಆಮೇಲೆ ಕೊಲಾಬಾದ ತುದಿಯಾಚೆ ನೀರಿನ ನಡುವೆ ನಿಂತ ಪ್ರಾಂಗ್ಸ್ ದೀಪಸ್ತಂಭ ಒಂದೊಂದಾಗಿ ಆ ಕಡೆಯೇ ಬರುತ್ತವೆ. ಎಡಕ್ಕೆ ಘಾರಾಪುರಿ (ಎಲಿಫೆಂಟಾ) ದ್ವೀಪದ ಗುಡ್ಡಗಳೂ ನ್ಹಾವಾ ಶೇವಾ ಬಂದರಿನ ಕ್ರೇನುಗಳೂ ಕಾಣುತ್ತವೆ. ಬೆನ್ನ ಹಿಂದೆ, ಬಾನು ತಿಳಿಯಾಗಿದ್ದರೆ, 2024ರ ಜನವರಿಯಲ್ಲಿ ಉದ್ಘಾಟನೆಯಾದ ಅಟಲ್ ಸೇತು. ಬಲ್ಲಾರ್ಡ್ ಪಿಯರ್‌ಗೂ ಗೇಟ್‌ವೇಗೂ ನಡುವೆ ನೌಕಾಪಡೆಯ ಡಾಕ್‌ಯಾರ್ಡ್ ಇದೆ, ಅದರ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ.

ಗದ್ದಲ ಕಡಿಮೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದು ಪೈಲಟ್ ಇಳಿಯುವುದನ್ನು ನೋಡುವಂತೆ ಮಕ್ಕಳಿಗೆ ಹೇಳಿ. ಬಂದರಿನ ಕಾಲುವೆಯ ಆಳ ಅಗಲ ಬಲ್ಲ ಸ್ಥಳೀಯ ಪೈಲಟ್ ಹಡಗಿನ ಕಪ್ತಾನನ ಪಕ್ಕದಲ್ಲಿ ನಿಂತು ದಾರಿ ಹೇಳಿ, ತೆರೆದ ಕಡಲು ಬಂದಾಗ ತನ್ನ ಕೆಲಸ ಮುಗಿಸುತ್ತಾನೆ. ಪುಟ್ಟ ದೋಣಿಯೊಂದು ಹಡಗಿನ ಪಕ್ಕಕ್ಕೆ ಬಂದು ಅದೇ ವೇಗದಲ್ಲಿ ಓಡತೊಡಗುತ್ತದೆ. ಹಡಗಿನ ಹೊಟ್ಟೆಯ ಒಂದು ಬಾಗಿಲಿನಿಂದ ಹೊರಬಂದ ಆತ ಹಗ್ಗದ ಏಣಿಯನ್ನು ಹಿಡಿದು ಇಳಿಯುತ್ತ, ದೋಣಿ ಅಲೆಯ ಮೇಲೆ ಏರಿದ ಕ್ಷಣಕ್ಕೆ ಸರಿಯಾಗಿ ಏಣಿ ಬಿಟ್ಟು ಅದರೊಳಗೆ ಕಾಲಿಡುತ್ತಾನೆ. ಕಡಲಿನ ಕೆಲಸಕ್ಕೆ ಎಂಥ ಪಳಗಿದ ದೇಹ ಬೇಕು ಎಂಬುದು ಅದನ್ನು ಕಂಡವರಿಗೆ ತಿಳಿಯುತ್ತದೆ.

ಗೋವಾ ಕಡೆ ಸಾಗುವ ಹಡಗಿನಲ್ಲಿ ಸೂರ್ಯಾಸ್ತ ಬಲಕ್ಕೆ, ಕೊಂಕಣದ ದಡ ಎಡಕ್ಕೆ.

ಮಲಗುವ ಮುನ್ನ ಕ್ಯಾಬಿನ್‌ಗೆ ತಂದುಕೊಟ್ಟ ಮರುದಿನದ ಕಾರ್ಯಕ್ರಮ ಪಟ್ಟಿಯನ್ನು ಓದಿ, ಗೋವಾದ ಮರ್ಮಗೋವಾ ಬಂದರಿನಲ್ಲಿ ಇಳಿದವರು ಎಷ್ಟು ಗಂಟೆಯೊಳಗೆ ಹಡಗಿಗೆ ಮರಳಬೇಕು ಎಂಬ ಸಾಲಿನ ಫೋಟೋ ತೆಗೆದುಕೊಳ್ಳಿ. ಅದು ಹಡಗು ಹೊರಡುವ ಸಮಯಕ್ಕಿಂತ ಮುಂಚಿನದು. ತಡವಾದವರಿಗಾಗಿ ಹಡಗು ಕಾಯುವುದಿಲ್ಲ. ಮರ್ಮಗೋವಾದಿಂದ ಪಣಜಿಗೆ ಸುಮಾರು 30 ಕಿಲೋಮೀಟರ್. ಹಳೆ ಗೋವಾದ ಚರ್ಚು, ಮಂಗೇಶಿ ದೇವಸ್ಥಾನ ಎರಡನ್ನೂ ನೋಡಬೇಕೆನ್ನುವವರು ಬೆಳಿಗ್ಗೆ ಬೇಗ ಇಳಿದು, ಟ್ಯಾಕ್ಸಿಯವರಿಗೆ ಮರಳುವ ಸಮಯವನ್ನು ಒಂದು ಗಂಟೆ ಮುಂಚಿತವಾಗಿಯೇ ಹೇಳಿಟ್ಟಿರಬೇಕು. ಇಳಿಯುವಾಗ ಹಡಗಿನ ಕಾರ್ಡು ಮತ್ತು ಗುರುತಿನ ಚೀಟಿಯ ಮೂಲಪ್ರತಿ ಎರಡೂ ಪ್ರತಿಯೊಬ್ಬರ ಬಳಿಯೂ ಇರಲಿ. ಒಬ್ಬರ ಚೀಲದಲ್ಲಿ ಎಲ್ಲರದನ್ನೂ ಇಟ್ಟರೆ, ಆ ಒಬ್ಬರು ಹಿಂದುಳಿದಾಗ ಉಳಿದವರೂ ಬಂದರಿನ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ.